ಯಾರಿಗೂ ಹೇಳಬೇಡ, ನನ್ನಾಣೆ

(ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಬ್ಬರ ಮತ್ತು ಅವರ ಮನೆಯವರ ಒಪ್ಪಿಗೆ ಪಡೆದು ಬರೆದದ್ದು.)

ಕಾವ್ಯಳನ್ನು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದು ಅವಳ ಕೆಮಿಸ್ಟ್ರಿ ಲೆಕ್ಚರರ್. ಸೆಕೆಂಡ್ ಪಿಯುಸಿ, 17 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಎರಡನೆಯವಳು, ಈಗ ಮಿಡ್‌ಟರ್ಮ್‌ನಲ್ಲಿ ಎರಡು ಸಬ್ಜೆಕ್ಟ್ ಢುಮ್ಕಿ. ಲ್ಯಾಬ್‌ನಲ್ಲಿ ಬ್ಯುರೆಟ್ ಮುಂದೆ ನಿಂತಲ್ಲೇ ತೂಕಡಿಸಿದಳಂತೆ. ಜೊತೆಗೆ ಒಂದು ಚೀಟಿ: "ಲವ್ ಕೇಸ್ ಇರಬಹುದು ಮೇಡಂ, ಸ್ವಲ್ಪ ಬುದ್ಧಿ ಹೇಳಿ."

ಇಂಥ ಚೀಟಿ ನನಗೆ ವಾರಕ್ಕೆ ಒಂದಾದರೂ ಬರುತ್ತೆ. ಬುದ್ಧಿ ಹೇಳಿದ್ದರಿಂದ ಪ್ರೀತಿ ಬಿಟ್ಟ ಮಕ್ಕಳನ್ನು ನಾನಂತೂ ಕಂಡಿಲ್ಲ.

ಮೊದಲ ದಿನ ಅವಳು ಹೆಚ್ಚು ಮಾತಾಡಲಿಲ್ಲ. ಫೋನನ್ನು ತೊಡೆ ಮೇಲೆ ಇಟ್ಟುಕೊಂಡು ನಿಮಿಷಕ್ಕೊಮ್ಮೆ ನೋಡುತ್ತಿದ್ದಳು. "ಬ್ಯಾಗಲ್ಲಿ ಇಡಮ್ಮ" ಅಂದೆ. ಇಟ್ಟಳು, ಎರಡು ನಿಮಿಷಕ್ಕೆ ಮತ್ತೆ ತೆಗೆದಳು. ಮೊಬೈಲ್ ಗೀಳು ಅಂತ ಬರೆದುಕೊಂಡೆ. ಅದು ನನ್ನ ತಪ್ಪು. ಎರಡನೇ ಸಲ ಬಂದಾಗ ಏನು ನೋಡ್ತಿದ್ದೀಯ ಅಂತ ಕೇಳಿದೆ. ಪರದೆ ನನ್ನ ಕಡೆ ತಿರುಗಿಸಿದಳು. ವಾಟ್ಸಾಪ್‌ನಲ್ಲಿ ಬೆಳಗ್ಗೆ ಕಳಿಸಿದ "ಎದ್ಯಾ?" ಅನ್ನೋ ಮೆಸೇಜು. ಅದರ ಕೆಳಗಿನ ಟಿಕ್ ಗುರುತು ಇನ್ನೂ ನೀಲಿ ಆಗಿರಲಿಲ್ಲ.

"ನೀಲಿ ಆದ್ರೆ ಅವನು ಇದಾನೆ ಅಂತ ಮೇಡಂ," ಅಂದಳು.

ಇದಾನೆ ಅಂದರೆ ಬದುಕಿದ್ದಾನೆ ಅಂತ. ಆ ಅರ್ಥ ನನಗೆ ಹೊಳೆದಿದ್ದು ಮೂರನೇ ಭೇಟಿಯಲ್ಲಿ, ಅವಳು ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತು ಕೇಳಿದಾಗ: "ಆಣೆ ಮುರಿದ್ರೆ ನಿಜವಾಗ್ಲೂ ಏನಾದ್ರೂ ಆಗುತ್ತಾ ಮೇಡಂ?"

ಅವಳನ್ನು ಮತ್ತೆ ಕೂರಿಸಿದೆ. ಮೊದಲ ದಿನವೇ ಎಲ್ಲ ಮಕ್ಕಳಿಗೂ ಹೇಳುವ ಮಾತನ್ನು ಇನ್ನೊಮ್ಮೆ ಹೇಳಿದೆ. ನೀನು ಹೇಳಿದ್ದು ಈ ರೂಮ್ ದಾಟಲ್ಲ. ಆದರೆ ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ನಾನು ಸುಮ್ಮನಿರೋಕೆ ಆಗಲ್ಲ, ಕಾನೂನೂ ಬಿಡಲ್ಲ. ಇದನ್ನು ಮುಚ್ಚಿಟ್ಟು ಮಾತು ತೆಗೆಸುವುದು ಮೋಸ. ಮೊದಲೇ ಹೇಳಿದರೆ ಮಕ್ಕಳು ಬಾಯಿ ಬಿಡಲ್ಲ ಅನ್ನುವ ಭಯ ಹೊಸಬರಿಗೆ ಇರುತ್ತೆ. ಬಿಡುತ್ತಾರೆ. ಎಷ್ಟೋ ಸಲ ಯಾರಾದರೂ ಕೇಳಿಸಿಕೊಂಡು ಏನಾದರೂ ಮಾಡಲಿ ಅಂತಲೇ ಅವರು ಬಂದಿರುತ್ತಾರೆ.

ಅವಳು ಅತ್ತಳು, ಆಮೇಲೆ ಹೇಳಿದಳು. ಮನು ಅದೇ ಕಾಲೇಜು, ಕಾಮರ್ಸ್. ಒಂದೇ ಬಸ್ಸು. ಪ್ರೀತಿ ಶುರುವಾಗಿ ಏಳು ತಿಂಗಳು. ಅವನ ಅಪ್ಪ ಕುಡಿಯುತ್ತಾರೆ, ಕುಡಿದು ಅಮ್ಮನಿಗೆ ಹೊಡೆಯುತ್ತಾರೆ. ಅಮ್ಮ ಮಲಗುವ ಕೋಣೆಯ ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಸಿಕೊಂಡು ಅವನು ಮಲಗುತ್ತಾನೆ. ಎರಡು ತಿಂಗಳಿಂದ ಅವನಿಗೆ ಸಾಯಬೇಕು ಅನ್ನಿಸುತ್ತಿದೆ. ಅದನ್ನು ಇವಳಿಗೊಬ್ಬಳಿಗೇ ಹೇಳಿ ಆಣೆ ಹಾಕಿಸಿಕೊಂಡಿದ್ದಾನೆ. ಅಲ್ಲಿಂದಾಚೆ ಇವಳು ದಿನಾ ರಾತ್ರಿ ಎರಡು ಗಂಟೆವರೆಗೆ ಹೊದಿಕೆ ಒಳಗೆ ಫೋನ್ ಹಿಡಿದು ಕಾವಲು.

ಅಷ್ಟೇ ಆಗಿದ್ದರೆ ಹೇಗೋ ಏನೋ. ಇವಳದೇ ಇನ್ನೊಂದು ಗುಟ್ಟು ಕೆಳಗಿತ್ತು. ಮೂರು ವರ್ಷದ ಹಿಂದೆ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಅಣ್ಣ ತೀರಿಕೊಂಡ. ಊರಿಗೆಲ್ಲ ಬೈಕ್ ಆಕ್ಸಿಡೆಂಟ್ ಅಂತ ಹೇಳಿದ್ದಾರೆ. ಅದು ಆತ್ಮಹತ್ಯೆ. "ನಾಳೆ ನಿನ್ನ ಮದುವೆ ಆಗಬೇಕು" ಅಂತ ಅಮ್ಮ ಇವಳ ಕೈಯನ್ನು ತನ್ನ ತಲೆ ಮೇಲೆ ಇಟ್ಟುಕೊಂಡು ಆಣೆ ಮಾಡಿಸಿಕೊಂಡರು. ಅದಕ್ಕೂ ವಾರದ ಮುಂಚೆ ಅಣ್ಣ ಫೋನ್ ಮಾಡಿ, "ಪುಟ್ಟಿ, ನಾಲ್ಕು ಸಬ್ಜೆಕ್ಟ್ ಹೋಗಿದೆ. ಅಪ್ಪನಿಗೆ ಹೇಳಬೇಡ, ನನ್ನಾಣೆ" ಅಂದಿದ್ದನಂತೆ. ಇವಳು ಹೇಳಲಿಲ್ಲ.

17 ವರ್ಷಕ್ಕೆ ಮೂರು ಆಣೆ.

ಅವಳಿಗೆ ನಾನು ಹೇಳಿದ ಮೊದಲ ಮಾತು: "ಸಬ್ಜೆಕ್ಟ್ ಹೋದ ವಿಷಯ ನಿನಗೆ ಗೊತ್ತಿತ್ತು. ಅವನು ಸಾಯ್ತಾನೆ ಅಂತ ಗೊತ್ತಿರಲಿಲ್ಲ. ಇವೆರಡೂ ಒಂದೇ ಅಲ್ಲಮ್ಮ. ಮನು ವಿಷಯ ಮಾತ್ರ ಗೊತ್ತಿದೆ, ಅದಕ್ಕೇ ಇವತ್ತು ಹೇಳಿದ್ದೀಯ." ಆಣೆಗೆ ನನ್ನಲ್ಲಿ ಬೇರೆ ಉತ್ತರ ಇರಲಿಲ್ಲ. ದೇವರ ವಿಷಯ ಅವಳ ಅಜ್ಜಿ ಹೇಳಲಿ. ಜೀವ ಉಳಿಸೋಕೆ ಮುರಿದ ಆಣೆ ಯಾರಿಗೂ ತಟ್ಟಲ್ಲ ಅಂತ ನಾನು ನಂಬಿದ್ದೇನೆ ಅಂದೆ.

ಮನುವನ್ನು ಅವತ್ತೇ ಮಧ್ಯಾಹ್ನ ಕರೆಸಿದೆ. ಇಂಥದ್ದಕ್ಕೆ ನಾಳೆ ಅನ್ನುವ ಹಾಗಿಲ್ಲ. ಬಂದವನು ಅವಳ ಮುಖ ನೋಡಿ, "ಹೇಳ್ಬಿಟ್ಯಲ್ಲ" ಅಂದ. ಆ ಒಂದು ಮಾತಿಗೆ ಅವಳು ಕುಗ್ಗಿ ಹೋದಳು. ಅವಳನ್ನು ಆಚೆ ಕೂರಿಸಿ ಅವನನ್ನು ನೇರವಾಗಿ ಕೇಳಿದೆ: ಸಾಯಬೇಕು ಅನ್ನಿಸುತ್ತಾ? ಎಷ್ಟು ದಿನದಿಂದ? ಹೇಗೆ ಅಂತ ಯೋಚನೆ ಮಾಡಿದ್ದೀಯಾ? ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತೆ ಅಂತ ಹೆತ್ತವರೂ ಮೇಷ್ಟ್ರೂ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಮನು ಉಸಿರು ಬಿಟ್ಟ ರೀತಿ ನೋಡಬೇಕಿತ್ತು, ತಲೆ ಮೇಲಿನ ಮೂಟೆ ಯಾರೋ ಇಳಿಸಿಕೊಂಡ ಹಾಗೆ.

ಅವನನ್ನು ಒಬ್ಬನೇ ಮನೆಗೆ ಕಳಿಸಲಿಲ್ಲ. ಯಾರನ್ನು ಕರೆಯಲಿ ಅಂದರೆ ಅಪ್ಪ ಬೇಡ, ಸೋದರಮಾವ ಅಂದ. ಆ ಮಾವನಿಗೆ ಊರಲ್ಲೇ ವೆಲ್ಡಿಂಗ್ ಅಂಗಡಿ. ಕೈಗೆ ಮಸಿ ಇದ್ದ ಹಾಗೇ ಅಕ್ಕನನ್ನು ಬೈಕಲ್ಲಿ ಕೂರಿಸಿಕೊಂಡು ಬಂದರು. ಎರಡು ವಾರ ಹುಡುಗ ಮಾವನ ಮನೆಯಲ್ಲಿ ಇರುವುದು ಅಂತಾಯ್ತು. "ಅಮ್ಮನ್ನ ಯಾರು ನೋಡ್ಕೋತಾರೆ?" ಅಂದ ಮನು. ನಾನು ತಾಯಿಯ ಕಡೆ ತಿರುಗಿದೆ. ಹೊಡೆತ ಬಿದ್ದಾಗ 112, ಸಲಹೆಗೆ ಮಹಿಳಾ ಸಹಾಯವಾಣಿ 181, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ರಕ್ಷಣಾಧಿಕಾರಿ ಇರುತ್ತಾರೆ ಅಂತ ಹೇಳಿದೆ. ಅವರು ಸೆರಗಿನ ತುದಿ ಸುತ್ತುತ್ತಾ ಕೇಳಿಸಿಕೊಂಡರು. ತಕ್ಷಣ ಏನೂ ಮಾಡಲಿಲ್ಲ. ಇಪ್ಪತ್ತು ವರ್ಷದ ಸಂಸಾರ, ನನ್ನ ಒಂದು ಮಾತಿಗೆ ತಿರುಗುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ. ಆದರೆ ಒಂದು ಕೆಲಸ ಅವತ್ತೇ ಮಾಡಿದರು. ಅಟ್ಟದಲ್ಲಿದ್ದ ಶುಂಠಿಗೆ ಹೊಡೆಯುವ ಔಷಧಿ ಡಬ್ಬಗಳನ್ನೆಲ್ಲ ತಮ್ಮನ ಕೈಯಲ್ಲಿ ಮನೆಯಿಂದ ಹೊರಗೆ ಹಾಕಿಸಿದರು. ಬೇಸಾಯದ ಮನೆಗಳಿಗೆ ನಾನು ತಪ್ಪದೆ ಹೇಳುವುದು ಇದು. ಸಾಯುವ ಯೋಚನೆ ಎಷ್ಟೋ ಸಲ ಕೆಲವು ನಿಮಿಷದ ಅಲೆ. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಅಲೆ ದಾಟಿ ಹೋಗುತ್ತೆ.

ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ಮೊದಲ ಮಂಗಳವಾರ ನಾನೂ ಜೊತೆಗೆ ಹೋದೆ. ಖಿನ್ನತೆ ಅಂದರು, ಮಾತ್ರೆ ಶುರು ಮಾಡಿದರು. ಅಲ್ಲಿವರೆಗಿನ ರಾತ್ರಿಗಳಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದಿನದ 24 ಗಂಟೆಯೂ ಸಿಗುತ್ತೆ, ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಮನು ಎರಡು ಸಲ ಮಾಡಿದ್ದಾನೆ. ಒಂದು ಸಲ ಸುಮ್ನೆ ರಿಂಗ್ ಆಗುತ್ತಾ ನೋಡೋಕಂತೆ.

ಕಾವ್ಯಳ ತಾಯಿಯ ಜೊತೆ ಮಾತು ಕಷ್ಟವಾಯಿತು. "ಸತ್ತವನು ಸತ್ತ ಮೇಡಂನೋರೆ, ಇದ್ದವಳ ಬಾಳು ಯಾಕೆ ಹಾಳು ಮಾಡಲಿ?" ಅಂದರು. ಅವರ ಭಯ ಸುಳ್ಳಲ್ಲ, ನಮ್ಮ ಕಡೆ ಸಂಬಂಧ ನೋಡುವವರು ಇದನ್ನೆಲ್ಲ ಕೆದಕುತ್ತಾರೆ. ಊರಿಗೆ ಸಾರಿ ಅಂತ ನಾನು ಹೇಳಲಿಲ್ಲ. ಮನೆಯೊಳಗೆ ಒಂದು ಸಲ ಅವನ ಹೆಸರು ಹಿಡಿದು ಅಳಿ ಅಂದೆ. ಮೂರು ವರ್ಷದಲ್ಲಿ ತಾಯಿ ಮಗಳು ಒಟ್ಟಿಗೆ ಅತ್ತಿರಲಿಲ್ಲ. ಅಣ್ಣನ ಫೋಟೋ ಕೂಡ ಬೀರುವಿನಲ್ಲಿ, ಸೀರೆಗಳ ಕೆಳಗೆ.

ಇನ್ನು ಪ್ರೀತಿ. ಬಿಟ್ಟುಬಿಡಿ ಅಂತ ನಾನು ಇಬ್ಬರಿಗೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಬಿಡಿಸಿದ್ದರೆ ಅಪಾಯವೇ ಜಾಸ್ತಿ. ಕಾನೂನು ಮಾತ್ರ ಬಿಡಿಸಿ ಹೇಳಿದೆ: 18 ತುಂಬುವ ಮುಂಚೆ ದೈಹಿಕ ಸಂಬಂಧವಾದರೆ ಇಬ್ಬರಿಗೂ ಇಷ್ಟವಿತ್ತು ಅನ್ನೋದು 2012ರ ಪೋಕ್ಸೋ ಕಾಯ್ದೆಯ ಮುಂದೆ ನಿಲ್ಲಲ್ಲ. ಇಬ್ಬರೂ ನೆಲ ನೋಡಿಕೊಂಡು ತಲೆಯಾಡಿಸಿದರು. ಆಮೇಲೆ ಕೇಳಿದೆ: "ದುಃಖದ ವಿಷಯ ಬಿಟ್ಟು ನೀವಿಬ್ಬರೂ ಏನು ಮಾತಾಡ್ತೀರಿ?"

ಇಬ್ಬರೂ ಸುಮ್ಮನಾದರು. ತುಂಬಾ ಹೊತ್ತಾದ ಮೇಲೆ ಕಾವ್ಯ, "ಮೊದಲು ಇವನು ಕಂಡಕ್ಟರ್ ಥರ ಮಿಮಿಕ್ರಿ ಮಾಡ್ತಿದ್ದ. ಈಗ ಮಾಡಲ್ಲ," ಅಂದಳು.

ಅದನ್ನೇ ಹಿಡಿದುಕೊಂಡು ಸಲಹೆ ಕೊಟ್ಟೆ. ರಾತ್ರಿ ಹತ್ತಕ್ಕೆ ಕಾವ್ಯಳ ಫೋನು ಅಡುಗೆಮನೆಯಲ್ಲಿ, ಅವಳು ಹಾಸಿಗೆಯಲ್ಲಿ. ಹತ್ತರ ಮೇಲೆ ಮನುಗೆ ಕಷ್ಟವಾದರೆ ಪಕ್ಕದಲ್ಲಿ ಮಲಗಿರುವ ಮಾವನನ್ನು ಎಬ್ಬಿಸಬೇಕು. ಮಾವನಿಗೂ ಹೇಳಿದ್ದೆ, ಬೈಯದೆ ಎದ್ದು ಕೂರಿ ಅಂತ. ಬೆಳಗಿನ ಬಸ್ಸಿನಲ್ಲಿ ಅಪ್ಪನ ಸುದ್ದಿ ಬೇಡ. "ನೀನು ಅವನ ಗೆಳತಿ ಕಣೆ, ಡಾಕ್ಟರ್ ಅಲ್ಲ" ಅಂದಾಗ ಅವಳಿಗೆ ಸಿಟ್ಟು ಬಂತು. ಅವನಿಗೆ ನಾನು ಬೇಡವಾಗಿದೀನಾ ಅನ್ನೋ ಸಿಟ್ಟು. ಕಾಯುವುದೇ ಪ್ರೀತಿ ಅಂತ ಅಂದುಕೊಂಡವಳಿಗೆ ಕಾವಲು ಬಿಡಿಸಿದರೆ ಕೈ ಖಾಲಿ ಅನ್ನಿಸುತ್ತೆ. ಅದಕ್ಕೆ ನಾಲ್ಕು ವಾರ ಬೇಕಾಯಿತು.

ಮೊದಲ ದಿನವೇ ಮನು ಕೈಯಲ್ಲಿ ನೋಟ್‌ಬುಕ್ಕಿನ ಅರ್ಧ ಹಾಳೆ ಮೇಲೆ ಒಂದು ಪಟ್ಟಿ ಬರೆಸಿದ್ದೆ: ಕೆಟ್ಟ ಯೋಚನೆ ಬಂದಾಗ ಯಾರ ಹತ್ತಿರ ಹೋಗ್ತೀಯ ಅಂತ. ಆಗ ಬರೆದದ್ದು ಒಂದೇ ಹೆಸರು, ಕಾವ್ಯ. ಪರೀಕ್ಷೆ ಮುಗಿದ ಮೇಲೆ ಬಂದಾಗ ಫೋನ್ ಕವರ್ ಹಿಂದಿನಿಂದ ಅದನ್ನು ತೆಗೆದು ತೋರಿಸಿದ. ಮಾವ, 14416, ಮಂಗಳವಾರದ ಡಾಕ್ಟರ್, ಕ್ರಿಕೆಟ್ ಆಡುವ ಗೆಳೆಯ, ಅಮ್ಮ. ಕಾವ್ಯ ಆರನೆಯವಳು.

ಅವಳು ಬಗ್ಗಿ ನೋಡಿ, "ಆರಾ?" ಅಂದಳು. ಮುಖ ಊದಿಸಿಕೊಂಡು ಕೂತಳು. ಅವನು ಕಂಡಕ್ಟರ್ ದನಿಯಲ್ಲಿ, "ಸೀಟಿದೆ, ಹಿಂದೆ ಹೋಗಿ, ಹಿಂದೆ ಹೋಗಿ" ಅಂದ.