ಆ ಬಂಗಾರದ ಪಾತ್ರೆಗಳಲ್ಲಿ ಯಾರಾದ್ರೂ ಊಟ ಮಾಡ್ತಿದ್ರಾ?

ಪ್ರಶ್ನೆ: ಹಳೇ ಯುರೋಪಿನ ರಾಜರ ಔತಣದ ಚಿತ್ರಗಳಲ್ಲಿ ಗೋಡೆ ಪಕ್ಕ ಗೊಂಬೆ ಕೂರ್ಸಿದಂಗೆ ಮೆಟ್ಟಿಲ ಮೇಲೆ ಚಿನ್ನ ಬೆಳ್ಳಿ ಪಾತ್ರೆ ಇರುತ್ತೆ, ಯಾರೂ ಮುಟ್ತಿರಲ್ಲ. ಟೇಬಲ್ ಮೇಲೆ ಚಿನ್ನದ ಹಡಗು ಬೇರೆ! ಯಾಕೆ ಸಾರ್?

ಉತ್ತರ: ಗೋಡೆ ಪಕ್ಕದ್ದು ಬಹುಪಾಲು ತೋರ್ಸೋಕೇ ಇಟ್ಟಿದ್ದು. ಬಂದ ರಾಯಭಾರಿಗಳು ನೋಡ್ಬೇಕು, ಊರಿಗೆ ಹೋಗಿ ಹೇಳ್ಬೇಕು, ಅಷ್ಟೇ. ಎಷ್ಟು ಮೆಟ್ಟಿಲು ಅನ್ನೋದಕ್ಕೂ ಅಂತಸ್ತಿನ ಲೆಕ್ಕ ಇತ್ತು. ಈಗಿನ ಫ್ರಾನ್ಸ್ ಕಡೆಯ ಬರ್ಗಂಡಿ ಅನ್ನೋ ಡ್ಯೂಕರ ಸಂಸ್ಥಾನದಲ್ಲಂತೂ ಇದು ಬಲು ಸ್ಟ್ರಿಕ್ಟು, 1457ರಲ್ಲಿ ರಾಜಕುಮಾರಿ ಮೇರಿ ಹುಟ್ಟಿದಾಗ ಅವರಮ್ಮನ ಬಾಣಂತಿ ಕೋಣೇಲೂ ಇಂಥ ಸ್ಟ್ಯಾಂಡ್ ಇಟ್ಟಿದ್ರು, ನಾಲ್ಕು ಮೆಟ್ಟಿಲಿಂದು, ಯಾಕಂದ್ರೆ ಐದು ಅಂದ್ರೆ ಫ್ರಾನ್ಸಿನ ರಾಣಿ ಲೆವೆಲ್ಲು.

ಹಡಗಿನ ಕಥೆ ಬೇರೆ, ಅದನ್ನ ಬಳಸ್ತಿದ್ರು. ಯಜಮಾನ ಕೂರೋ ಜಾಗದ ಗುರುತು ಅದು, ಒಳಗೆ ಉಪ್ಪು, ಕೆಲವು ಸಲ ಅವನ ಚಮಚ, ನ್ಯಾಪ್ಕಿನ್. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಒಂದಿದೆ, 1527-28ರಲ್ಲಿ ಪ್ಯಾರಿಸ್‌ನಲ್ಲಿ ಮಾಡಿದ್ದು. ಹಡಗಿನ ಒಡಲು ನಿಜವಾದ ನಾಟಿಲಸ್ ಅನ್ನೋ ಸಮುದ್ರ ಜೀವಿಯ ಚಿಪ್ಪು, ಅದನ್ನ ಬೆಳ್ಳಿ ಮತ್ಸ್ಯಕನ್ಯೆ ಬೆನ್ನ ಮೇಲೆ ಹೊತ್ತಿದ್ದಾಳೆ, ಹಾಯಿಕಂಬದ ಬುಡದಲ್ಲಿ ಹಳೇ ಪ್ರೇಮಕಥೆಯ ಜೋಡಿ ಟ್ರಿಸ್ಟನ್, ಇಸೋಲ್ಡ್ ಪುಟಾಣಿಯಾಗಿ ಕೂತು ಚೆಸ್ ಆಡ್ತಿದಾರೆ. ಇಷ್ಟೆಲ್ಲ ಮಾಡಿ ಉಪ್ಪಿಗೆ ಹಿಂದ್ಗಡೆ ಒಂದಿಷ್ಟೇ ಜಾಗ!

ಇನ್ನು ವಿಷದ ಭಯ. ಶಾರ್ಕ್ ಹಲ್ಲಿನ ಪಳೆಯುಳಿಕೇನ ಹಾವಿನ ನಾಲಿಗೆ ಅಂತ ನಂಬಿ, ಮರದ ಥರ ಸ್ಟ್ಯಾಂಡಿಗೆ ತೂಗುಹಾಕಿ ಟೇಬಲ್ ಮೇಲೆ ಇಡ್ತಿದ್ರು. ಊಟದಲ್ಲಿ ವಿಷ ಇದ್ರೆ ಅದು ತೋರ್ಸ್ಕೊಡುತ್ತಂತೆ. ಹವಳದ ಕೊಂಬೆಯಿಂದ ಮಾಡಿದ ಅಂಥದ್ದೊಂದು ವಿಯೆನ್ನಾದಲ್ಲಿ ಈಗ್ಲೂ ಇದೆ.

ಇಷ್ಟಿದ್ದದ್ದು ಎಲ್ಹೋಯ್ತು ಅಂದ್ರೆ, ಕರಗೋಯ್ತು. ನಮ್ಮಲ್ಲಿ ಒಡವೆ ಅಡ ಇಡ್ತಾರಲ್ಲ, ಹಂಗೇ ಇದು ಅವರ ಆಪತ್ಕಾಲದ ದುಡ್ಡು. 14ನೇ ಶತಮಾನದ ಫ್ರೆಂಚ್ ರಾಜಮನೆತನದ ಆಂಜೂ ಡ್ಯೂಕ್ ಒಂದನೇ ಲೂಯಿ ಹತ್ರ ಮೂರು ಸಾವಿರಕ್ಕೂ ಹೆಚ್ಚು ಐಟಂ ಪಟ್ಟಿಯಾಗಿತ್ತು, ಇಟಲಿಯ ನೇಪಲ್ಸ್ ಮೇಲೆ ದಂಡೆತ್ತಿ ಹೋಗೋಕೆ ದುಡ್ಡು ಬೇಕಾದಾಗ ಹೆಚ್ಚಿನದೆಲ್ಲ ಕುಲುಮೆಗೆ. ಅವನ ತಮ್ಮ ಬೆರಿ ಡ್ಯೂಕನ ಒಂದು ಚಿನ್ನದ ಬಟ್ಟಲು ಮಾತ್ರ ಉಳ್ಕೊಂಡು, ಇಂಗ್ಲೆಂಡು, ಸ್ಪೇನು ಎಲ್ಲ ಸುತ್ತಿ 1892ರಲ್ಲಿ ಬ್ರಿಟಿಷ್ ಮ್ಯೂಸಿಯಂ ಸೇರ್ತು. ಸುಮಾರು ಎರಡು ಕೆಜಿ ತೂಕ, ಮೈಮೇಲೆ ಕ್ರೈಸ್ತ ಸಂತಳಾದ ಆಗ್ನೆಸ್ ಕಥೆ ಎನಾಮೆಲ್‌ನಲ್ಲಿ, ಅಂದ್ರೆ ಲೋಹದ ಮೇಲೆ ಕರಗಿಸಿ ಕೂರ್ಸಿದ ಬಣ್ಣದ ಗಾಜಿನಲ್ಲಿ. ಲಂಡನ್ ಕಡೆ ಹೋದ್ರೆ ನೋಡಿ, ಟಿಕೆಟ್ ಕೂಡ ಇಲ್ಲ.