ತಮ್ಮ ಆವತ್ತು ಅಂದಿದ್ದು ಯಾವ ಮಾತು?

ಮಂಡ್ಯದಿಂದ ಬರೆದಿರೋ ಅಕ್ಕ, ನಿಮ್ಮ ಪತ್ರ ಮೂರು ಸಲ ಓದ್ದೆ. ಆರು ವರ್ಷದ ಹಿಂದೆ ಪಶ್ಚಿಮವಾಹಿನಿಲಿ ಅಪ್ಪನ ಅಸ್ಥಿ ಬಿಟ್ಟ ದಿನ ತಮ್ಮ "ನಿಂಗೂ ಈ ಮನೆಗೂ ಋಣ ತೀರ್ತು" ಅಂದ, ಅವನು ನೋಡಿದ್ರೆ "ಅಪ್ಪಂಗೂ ಈ ಮನೆಗೂ ಋಣ ತೀರ್ತು ಅಂತ ಅತ್ತಿದ್ದು ನಾನು" ಅಂತಾನೆ, ಈಗ ಅವನ ಮಗಳ ಮದುವೆ, ಹೋಗ್ಲೋ ಬೇಡ್ವೋ, ಸುಳ್ಳು ಹೇಳ್ತಿರೋದು ಯಾರು ಅಂತ ಕೇಳಿದೀರ.

ನಂಗನ್ಸೋ ಪ್ರಕಾರ ಇಬ್ಬರೂ ಸುಳ್ಳು ಹೇಳ್ತಿಲ್ಲ.

ಬೇಜಾರು ಮಾಡ್ಕೋಬೇಡಿ, ಪತ್ರದ ಶುರುವಲ್ಲಿ ಅವನು ಒದ್ದೆ ಪಂಚೆಲಿ ಮೆಟ್ಟಿಲ ಮೇಲೆ ನಿಂತು ಅಂದ ಅಂತಿದೆ, ಕೊನೇಲಿ ಕಾರು ಹತ್ತೋವಾಗ ಅಂದ ಅಂತ ಬರ್ದಿದೀರ. ಇದು ನಿಮ್ಮ ತಪ್ಪಲ್ಲ. ನೆನಪು ಬಸ್ಸಾರು ಇದ್ದ ಹಾಗೆ, ದಿನಾ ಕಾಯಿಸ್ತಾ ಕಾಯಿಸ್ತಾ ಗಟ್ಟಿ ಆಗುತ್ತೆ, ಖಾರ ಏರುತ್ತೆ, ಮೊದಲ ದಿನದ ರುಚಿ ಉಳಿಯಲ್ಲ, ನೀವು ಇದನ್ನ ಯಜಮಾನ್ರಿಗೆ, ಚಿಕ್ಕಮ್ಮಂಗೆ, ಪಕ್ಕದ ಮನೆಯವರಿಗೆ ಎಷ್ಟು ಸಲ ಹೇಳಿದೀರೋ ಅಷ್ಟು ಸಲ ಕಾಯಿಸಿದೀರ. ಕರೀಂ ನಾಡರ್ ಅನ್ನೋ ವಿಜ್ಞಾನಿ ಮತ್ತವರ ಜೊತೆಯವರು 2000ದಲ್ಲಿ ಇಲಿಗಳಲ್ಲಿ ತೋರಿಸಿದ್ದೂ ಇದನ್ನೇ, ಗಟ್ಟಿಯಾಗಿ ಕೂತಿದ್ದ ಭಯದ ನೆನಪು ಕೂಡ ಒಮ್ಮೆ ಎದ್ರೆ ಮಿದುಳಲ್ಲಿ ಹೊಸದಾಗಿ ಕೂರಬೇಕಾಗುತ್ತೆ. ಅವನ ನೆನಪಿಗೂ ಇದೇ ಕಥೆ, ನಿಜವಾಗ್ಲೂ ಅಂದುಬಿಟ್ಟು ಆಮೇಲೆ ತನಗೇ ಗೊತ್ತಿಲ್ದೆ ಮೆತ್ತಗೆ ಮಾಡ್ಕೊಂಡಿರಬಹುದು.

ಚಿಕ್ಕಮ್ಮನ್ನ ಸಾಕ್ಷಿ ಕೇಳ್ತೀನಿ ಅಂದಿದೀರಲ್ಲ, ದಯವಿಟ್ಟು ಬೇಡ. 1974ರಲ್ಲಿ ಎಲಿಜಬೆತ್ ಲಾಫ್ಟಸ್, ಜಾನ್ ಪಾಮರ್ ಅನ್ನೋ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಸ್ಟೂಡೆಂಟ್ಸ್‌ಗೆ ಕಾರ್ ಆಕ್ಸಿಡೆಂಟ್ ಫಿಲಂ ತೋರಿಸಿ, 50 ಜನಕ್ಕೆ ಕಾರುಗಳು ಡಿಕ್ಕಿ ಹೊಡೆದಾಗ ಸ್ಪೀಡ್ ಎಷ್ಟಿತ್ತು ಅಂತ, ಇನ್ನು 50 ಜನಕ್ಕೆ ಗುದ್ದಿ ನಜ್ಜುಗುಜ್ಜಾದಾಗ ಎಷ್ಟಿತ್ತು ಅಂತ ಕೇಳಿದ್ರು. ವಾರ ಬಿಟ್ಟು ಒಡೆದ ಗಾಜು ನೋಡಿದ್ರಾ ಅಂದ್ರೆ ಮೊದಲನೇ ಗುಂಪಲ್ಲಿ 7 ಜನ, ಎರಡನೇದ್ರಲ್ಲಿ 16 ಜನ ಹೂಂ ಅಂದ್ರು, ಫಿಲಂನಲ್ಲಿ ಗಾಜೇ ಒಡೆದಿರಲಿಲ್ಲ! ಕೇಳೋ ಒಂದು ಪದಕ್ಕೆ ಇಷ್ಟು ಆಗುತ್ತೆ, ಚಿಕ್ಕಮ್ಮ ಆರು ವರ್ಷದಿಂದ ನಿಮ್ಮ ಬಾಯಲ್ಲೇ ಕೇಳಿದಾರೆ, "ಅವನು ಹಾಗಂದ ತಾನೇ" ಅಂದ್ರೆ ಹೌದು ಅಂತಾರೆ, ಅವರಿಗೆ ಕಂಡ ಹಾಗೂ ಆಗಿರುತ್ತೆ.

ಆದ್ರೆ ನೋವು ಸುಳ್ಳಲ್ಲ ಅಕ್ಕ. ಅಪ್ಪ ಹೋದ ದಿನ ತವರೂ ಹೋಯ್ತು ಅನ್ನೋ ಭಯ ನಿಮಗೆ ಬಂದಿತ್ತು, ಪತ್ರದ ಉದ್ದಕ್ಕೂ ಅದೇ ಇದೆ. ಈ ಭಾನುವಾರ ತಮ್ಮಂಗೆ ಫೋನ್ ಮಾಡಿ, "ನೀನು ಏನಂದೆ" ಅಂತ ಶುರು ಮಾಡ್ಬೇಡಿ, "ಆವತ್ತು ನಂಗೆ ತವರು ಮುಗೀತು ಅನ್ನಿಸ್ತು ಕಣೋ" ಅಂತ ಹೇಳಿ, ಅವನು ಮಾತಾಡೋಕೆ ಬಿಡಿ. ಮದುವೆಗೆ ಹೋಗಿ ಅಂತಾನೇ ನನ್ನ ಮಾತು, ಆ ಹುಡುಗಿಗೆ ಸೋದರತ್ತೆ ನೀವು.