ನೆಲದಡಿಯ ಎಣ್ಣೆಗೆ ಯಜಮಾನರು ಯಾರು?

ಪ್ರಶ್ನೆ: ಕೆನಡಾದ ಕ್ಯಾಲ್ಗರಿಯಲ್ಲಿರುವ ನನ್ನ ತಂಗಿಯ ಮಗಳಿಗೆ ಈಚೆಗೆ ಹೆರಿಗೆಯಾಯಿತು. ಆಸ್ಪತ್ರೆಯ ಹೆಸರು ಪೀಟರ್ ಲಾಹೀಡ್ ಸೆಂಟರ್. ಅದು ಯಾರ ಹೆಸರೆಂದು ಅಳಿಯಂದಿರನ್ನು ಕೇಳಿದರೆ, ‘ಇಲ್ಲಿನ ಹಳೆಯ ಮುಖ್ಯಮಂತ್ರಿ, ಎಣ್ಣೆಯ ವಿಷಯದಲ್ಲಿ ಕೇಂದ್ರದೊಡನೆ ಜಗಳಕ್ಕೆ ನಿಂತವರು’ ಎಂದಷ್ಟೇ ಹೇಳಿದರು. ಅವರು ತೈಲ ಕಂಪನಿಯ ಮನುಷ್ಯರೇ? ನಮ್ಮ ಮುಂಬಯಿಯ ಕಡಲಲ್ಲೂ ಎಣ್ಣೆ ಇದೆಯಲ್ಲ, ಮಹಾರಾಷ್ಟ್ರದ ಮುಖ್ಯಮಂತ್ರಿಗಳು ಯಾರೂ ಹಾಗೆ ನಿಲ್ಲಲಿಲ್ಲವೇಕೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಮಗುವಿಗೂ ಬಾಣಂತಿಗೂ ನಮ್ಮ ಶುಭಾಶಯ. ಲಾಹೀಡ್ ತೈಲ ಕಂಪನಿಯಿಂದ ಬಂದವರಲ್ಲ. 1928ರಲ್ಲಿ ಕ್ಯಾಲ್ಗರಿಯಲ್ಲಿ ಹುಟ್ಟಿ, ಕಾನೂನು ಓದಿ, ಹಾರ್ವರ್ಡಿನಲ್ಲಿ ವ್ಯವಹಾರ ನಿರ್ವಹಣೆಯನ್ನೂ ಕಲಿತು, ಮ್ಯಾನಿಕ್ಸ್ ಎಂಬ ದೊಡ್ಡ ನಿರ್ಮಾಣ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 1971ರಲ್ಲಿ ಅವರ ಪಕ್ಷ, 36 ವರ್ಷ ಅಧಿಕಾರದಲ್ಲಿದ್ದ ಸೋಷಿಯಲ್ ಕ್ರೆಡಿಟ್ ಪಕ್ಷವನ್ನು ಸೋಲಿಸಿತು. ಆಗಿನಿಂದ 1985ರವರೆಗೆ ಅವರು ಆಲ್ಬರ್ಟಾ ಪ್ರಾಂತ್ಯದ ಪ್ರೀಮಿಯರ್, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ.

ನಿಮ್ಮ ಪ್ರಶ್ನೆಯ ತಿರುಳು ಇರುವುದು ವ್ಯಕ್ತಿಯಲ್ಲಲ್ಲ, ಒಡೆತನದಲ್ಲಿ. 1930ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಆಲ್ಬರ್ಟಾದ ಭೂಸಂಪತ್ತನ್ನು ಆ ಪ್ರಾಂತ್ಯಕ್ಕೇ ಒಪ್ಪಿಸಿತ್ತು. ಆದ್ದರಿಂದ ಅಲ್ಲಿನ ನೆಲದಡಿಯ ಎಣ್ಣೆಯಲ್ಲಿ ಬಹುಪಾಲು ಪ್ರಾಂತ್ಯದ ಸ್ವತ್ತು, ಕಂಪನಿಗಳು ಬರಿಯ ಗುತ್ತಿಗೆದಾರರು. ಲಾಹೀಡ್ ಇದನ್ನು ಅಕ್ಷರಶಃ ನಂಬಿ ನಡೆದರು. 1973ರಲ್ಲಿ ಅರಬ್ ದೇಶಗಳು ತೈಲ ಮಾರಾಟಕ್ಕೆ ಹಾಕಿದ ನಿರ್ಬಂಧದಿಂದ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾದಾಗ, ಹಳೆಯ ಗುತ್ತಿಗೆ ಪತ್ರಗಳಲ್ಲಿ ಆರನೆಯ ಒಂದು ಪಾಲಿಗೆ ಕಟ್ಟುಬಿದ್ದಿದ್ದ ರಾಯಧನದ (ಎಣ್ಣೆ ತೆಗೆಯುವವರು ಅದರ ಒಡೆಯರಿಗೆ ಕೊಡುವ ಪಾಲು) ಮಿತಿಯನ್ನು ಅವರು ಕಿತ್ತುಹಾಕಿದರು. ಕಂಪನಿಗಳು ಕೂಗಾಡಿದವು. ಆಲ್ಬರ್ಟಾ ಎನರ್ಜಿ ಕಂಪನಿ ಎಂಬ ಸಂಸ್ಥೆಯನ್ನು ಹುಟ್ಟುಹಾಕಿ, ಅರ್ಧ ಪಾಲನ್ನು ಸರ್ಕಾರದ ಬಳಿಯಿಟ್ಟುಕೊಂಡು ಉಳಿದದ್ದನ್ನು ಜನರಿಗೆ ಷೇರುಗಳಾಗಿ ಮಾರಿದರು. ಟಾರಿನಂಥ ಎಣ್ಣೆ ಬೆರೆತ ಮರಳನ್ನು ಅಗೆದು, ಬಿಸಿನೀರಿನಲ್ಲಿ ತೊಳೆದು ಎಣ್ಣೆಯನ್ನು ಬೇರ್ಪಡಿಸುವ ಸಿಂಕ್ರೂಡ್ ಯೋಜನೆಯಿಂದ ಒಂದು ಅಮೆರಿಕನ್ ಕಂಪನಿ ಹಿಂದೆ ಸರಿದಾಗ, 1975ರ ಫೆಬ್ರವರಿಯಲ್ಲಿ ಕೇಂದ್ರ 15, ಆಲ್ಬರ್ಟಾ 10, ಇನ್ನೊಂದು ಪ್ರಾಂತ್ಯವಾದ ಒಂಟಾರಿಯೊ 5 ಶೇಕಡಾ ಪಾಲು ಹಾಕಿ ಅದನ್ನು ಉಳಿಸಿಕೊಂಡವು. ಸರ್ಕಾರವೇ ವ್ಯಾಪಾರಕ್ಕಿಳಿಯುವುದು ಖಾಸಗಿ ಉದ್ಯಮದ ಪರವಾಗಿದ್ದ ಲಾಹೀಡರ ಪಕ್ಷದ ಸಿದ್ಧಾಂತಕ್ಕೆ ಒಗ್ಗುವ ಮಾತಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1976ರ ಹೆರಿಟೇಜ್ ನಿಧಿ. ತೈಲ ಮತ್ತು ಅನಿಲದಿಂದ ಬಂದ ಆದಾಯದಲ್ಲಿ ಶೇಕಡಾ 30ನ್ನು ಖರ್ಚು ಮಾಡದೆ ಎತ್ತಿಡುವ ಏರ್ಪಾಡು ಅದು. ಒಮ್ಮೆ ಕೊಯ್ದರೆ ಮತ್ತೆ ಚಿಗುರದ ಬೆಳೆಯಲ್ಲವೇ ಎಣ್ಣೆ? ಆದರೆ 1983ರಲ್ಲಿ ಅವರ ಕಾಲದಲ್ಲೇ ಆ ಪಾಲು 15ಕ್ಕೆ ಇಳಿಯಿತು. ಅವರನ್ನು ಹೊಗಳುವವರು ಈ ಸಾಲನ್ನು ಸಾಮಾನ್ಯವಾಗಿ ನುಂಗಿಕೊಳ್ಳುತ್ತಾರೆ.

ನಿಮ್ಮ ಅಳಿಯಂದಿರು ಹೇಳಿದ ಜಗಳ 1980ರದು. ಪಿಯರ್ ಟ್ರೂಡೊ ಅವರ ಕೇಂದ್ರ ಸರ್ಕಾರ ದೇಶದೊಳಗಿನ ತೈಲದ ಬೆಲೆಯನ್ನು ಅಂತರರಾಷ್ಟ್ರೀಯ ಬೆಲೆಗಿಂತ ಕೆಳಗೆ ಹಿಡಿದಿಟ್ಟು, ಆದಾಯದಲ್ಲಿ ತನ್ನ ಪಾಲನ್ನು ಹೆಚ್ಚಿಸಿಕೊಳ್ಳುವ ರಾಷ್ಟ್ರೀಯ ಇಂಧನ ಕಾರ್ಯಕ್ರಮವನ್ನು ಅಕ್ಟೋಬರ್ 28ರಂದು ಪ್ರಕಟಿಸಿತು. ಎರಡೇ ದಿನಕ್ಕೆ ಲಾಹೀಡ್ ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡು, ದಿನಕ್ಕೆ 1,80,000 ಬ್ಯಾರೆಲ್‌ಗಳಷ್ಟು ಉತ್ಪಾದನೆಯನ್ನು ಮೂರು ಕಂತುಗಳಲ್ಲಿ ಕಡಿಮೆ ಮಾಡುವುದಾಗಿಯೂ, ದೇಶಕ್ಕೆ ನಿಜವಾಗಿ ಕೊರತೆ ತಟ್ಟಿದರೆ ಅದನ್ನು ಕೈಬಿಡುವುದಾಗಿಯೂ ತಿಳಿಸಿದರು. ಎರಡು ಕಂತು ಮುಗಿದಿದ್ದಾಗ, 1981ರ ಸೆಪ್ಟೆಂಬರ್ 1ರಂದು ಒಪ್ಪಂದವಾಯಿತು. ಅಂದು ಟ್ರೂಡೊ ಜೊತೆ ಷಾಂಪೇನ್ ಲೋಟ ಎತ್ತಿ ನಗುತ್ತಿರುವ ಅವರ ಛಾಯಾಚಿತ್ರ ಪ್ರಸಿದ್ಧವಾಯಿತು. ಮರುವರ್ಷ ಬೆಲೆ ಕುಸಿದು ಜನ ಕೆಲಸ ಕಳೆದುಕೊಳ್ಳತೊಡಗಿದಾಗ ಅದೇ ಚಿತ್ರ ಅವರಿಗೆ ಮುಜುಗರವಾಗಿ, ಆ ಲೋಟ ಎತ್ತಬಾರದಿತ್ತೆಂದು ಮುಂದೆ ಅವರೇ ಒಪ್ಪಿಕೊಂಡರು.

ಇನ್ನು ನಮ್ಮ ಮುಂಬಯಿ. ಭಾವೂಚಾ ಧಕ್ಕೆಯಿಂದ ಲಾಂಚ್ ಹತ್ತಿ ಮೋರಾದಲ್ಲಿ ಇಳಿದರೆ ಉರಣ ಸಿಗುತ್ತದೆ. ಕಡಲ ನಡುವಿನ ತೈಲಕ್ಷೇತ್ರವಾದ ಬಾಂಬೆ ಹೈನಲ್ಲಿ 1974ರಲ್ಲಿ ಪತ್ತೆಯಾಗಿ 1976ರಿಂದ ಮೇಲೆ ಬರತೊಡಗಿದ ಎಣ್ಣೆ, ಕಡಲ ತಳದ ಕೊಳವೆಯಲ್ಲಿ ಅಲ್ಲಿಗೇ ಬಂದು ಸೇರುತ್ತದೆ. ಕಣ್ಣಿಗೆ ಅದು ಮಹಾರಾಷ್ಟ್ರದ್ದೇ. ಆದರೆ ಸಂವಿಧಾನದ 297ನೆಯ ವಿಧಿಯ ಪ್ರಕಾರ ಕಡಲ ತಳದ ಸಂಪತ್ತು ಒಕ್ಕೂಟದ್ದು. ಅದರ ರಾಯಧನ ದೆಹಲಿಗೆ ಹೋಗುತ್ತದೆ. ಅಸ್ಸಾಮ್ ಮತ್ತು ಗುಜರಾತಿನಂತೆ ಎಣ್ಣೆ ನೆಲದಲ್ಲಿ ಸಿಕ್ಕಿದ್ದರೆ ರಾಯಧನ ರಾಜ್ಯಕ್ಕೆ ಬರುತ್ತಿತ್ತು. ಆಗಲೂ ಅದರ ದರವನ್ನು ಗೊತ್ತುಮಾಡುವುದು ಕೇಂದ್ರವೇ. ನಲ್ಲಿ ತಿರುಗಿಸುವ ಅಧಿಕಾರವೇ ಕೈಯಲ್ಲಿಲ್ಲದ ಮೇಲೆ ಮುಖ್ಯಮಂತ್ರಿ ಏನೆಂದು ಬೆದರಿಸಬೇಕು? ಲಾಹೀಡ್ ಉತ್ಪಾದನೆ ತಗ್ಗಿಸುವ ಮಾತಾಡಿದ ಅದೇ 1980ರಲ್ಲಿ ಅಸ್ಸಾಮಿನಿಂದ ಬಿಹಾರದ ಬರೌನಿಯ ಶುದ್ಧೀಕರಣ ಘಟಕಕ್ಕೆ ಹೋಗುವ ಕಚ್ಚಾತೈಲವನ್ನು ತಡೆದದ್ದು ಚಳವಳಿಗಾರರು, ಸರ್ಕಾರವಲ್ಲ. ಮಹಾರಾಷ್ಟ್ರದ ಬೊಕ್ಕಸಕ್ಕೆ ಎಣ್ಣೆಯ ಹಣ ಹರಿಯುವುದು ಮುಖ್ಯವಾಗಿ ಪೆಟ್ರೋಲ್ ಬಂಕಿನಲ್ಲಿ, ನೀವೂ ನಾನೂ ಕಟ್ಟುವ ವ್ಯಾಟ್ ರೂಪದಲ್ಲಿ.

ಪ್ರಶ್ನೆ: ಇಂಧನ ಖಾತೆ ನೋಡಿಕೊಂಡವರು ಅಧಿಕಾರ ಬಿಟ್ಟೊಡನೆ ಕಂಪನಿಗಳ ಆಡಳಿತ ಮಂಡಳಿ ಸೇರುವುದು ಸರಿಯೇ?
– ಓದುಗರೊಬ್ಬರು, ಪುಣೆ

ಉತ್ತರ: ನಡುವೆ ಕೆಲವು ವರ್ಷಗಳ ಅಂತರವಾದರೂ ಇರಬೇಕೆಂಬುದು ನನ್ನ ಅಭಿಪ್ರಾಯ. ಆಲ್ಬರ್ಟಾದಲ್ಲೇ ಡಾನ್ ಗೆಟ್ಟಿ ಎಂಬವರು ತೈಲ ಉದ್ಯಮದಿಂದ ರಾಜಕೀಯಕ್ಕೆ ಬಂದು, 1975ರಿಂದ 1979ರವರೆಗೆ ಇಂಧನ ಸಚಿವರಾಗಿದ್ದು, ಮತ್ತೆ ಖಾಸಗಿ ವ್ಯವಹಾರಕ್ಕೆ ಹೋಗಿ, 1985ರಲ್ಲಿ ಲಾಹೀಡರ ಉತ್ತರಾಧಿಕಾರಿಯಾಗಿ ಮರಳಿದರು. ಅಷ್ಟು ಅನುಭವವಿದ್ದರೂ ಮರುವರ್ಷದ ಬೆಲೆ ಕುಸಿತದ ಎದುರು ಅದೇನೂ ಕೆಲಸಕ್ಕೆ ಬರಲಿಲ್ಲ; 1987ರಲ್ಲಿ ಹೆರಿಟೇಜ್ ನಿಧಿಗೆ ಹಣ ಹಾಕುವುದನ್ನೇ ಅವರು ನಿಲ್ಲಿಸಬೇಕಾಯಿತು. ಲಾಹೀಡ್ ಕೂಡ ವಕೀಲಿ ಸಂಸ್ಥೆಯೊಂದಕ್ಕೆ ಸೇರಿ ಹಲವು ಕಂಪನಿಗಳ ಮಂಡಳಿಗಳಲ್ಲಿ ಕುಳಿತವರೇ. ಆದರೂ 2006ರಲ್ಲಿ ಕಂಪನಿಗಳೆಲ್ಲ ತೈಲ ಮರಳಿನ ಮೇಲೆ ಒಟ್ಟಿಗೇ ಮುಗಿಬಿದ್ದಿದ್ದಾಗ, ಇದು ಅತಿಯಾಯಿತು, ಒಂದು ಘಟಕ ಮುಗಿದ ಮೇಲೆ ಇನ್ನೊಂದಕ್ಕೆ ಕೈಹಾಕಿ ಎಂದು ತನ್ನದೇ ಪಕ್ಷದ ಸರ್ಕಾರಕ್ಕೆ ಬಹಿರಂಗವಾಗಿ ಹೇಳಿದ 78ರ ಹಿರಿಯರು ಅವರೇ ಆಗಿದ್ದರು.